ಎರಡು ಕಟ್ಟು ಬೇರು

ಅವನು ಅಹಂಕಾರಿ. ಇದನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ. ಕಳ್ಳನಲ್ಲ, ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ‘ನನಗೆ ಗೊತ್ತಾಗಲಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಟದ್ದನ್ನು ಕೇಳಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ಇವನು ಇನ್ನೊಬ್ಬರು ಹಿಡಿದ ಮೊಲದ ಕಾಲನ್ನೂ ತಾನೇ ಎಣಿಸಿ ಹೇಳುವವನು.

ಬೀದಿಯ ಜನ ಅವನನ್ನು ಮೂಗಣ್ಣ ಎನ್ನುತ್ತಿದ್ದರು. ಗಿಡಮೂಲಿಕೆಯ ಗೋದಾಮಿನಲ್ಲಿ ಅವನ ಕೆಲಸ ಮೂಗಿನದು. ಗೋದಾಮು ಎಂದರೆ ಉದ್ದನೆಯ, ಕಿಟಕಿ ಕಡಿಮೆಯಿರುವ ಒಂದೇ ಕೋಣೆ. ಗೋಡೆಯ ಎರಡೂ ಬದಿಗೆ ತೊಲೆ ಮುಟ್ಟುವಷ್ಟು ಚೀಲಗಳು. ಬೇರು, ತೊಗಟೆ, ಸಿಪ್ಪೆ, ಎಲೆ, ಬೀಜ, ಅಂಟು. ಅಡುಗೆಯವರಿಗೆ, ಬಣ್ಣದವರಿಗೆ, ಔಷಧಿಯವರಿಗೆ ಬಹುಪಾಲು ಸರಕು ಅಲ್ಲಿಂದಲೇ ಹೋಗಬೇಕು. ದಾಳಿಂಬೆ ಮರವೇನೋ ಒಂದೇ, ಅದಕ್ಕೆ ಬಾಗಿಲು ಮೂರು: ಹಣ್ಣು ಹಣ್ಣಿನಂಗಡಿಗೆ, ಸಿಪ್ಪೆ ಬಣ್ಣದವರ ಹಂಡೆಗೆ, ಬೇರಿನ ತೊಗಟೆ ಹೊಟ್ಟೆಹುಳದ ಕಷಾಯಕ್ಕೆ. ಯಾವುದು ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವವನು ಮೂಗಣ್ಣ. ಒಣಗಿ ಮುದುರಿದ ಮೇಲೆ ಹತ್ತಾರು ಬೇರುಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಕಣ್ಣನ್ನು ನಂಬುವಂತಿಲ್ಲ.

ಅವನ ಮಣೆ ಬಾಗಿಲ ಪಕ್ಕದಲ್ಲಿ. ಸರಕು ತಂದವರು ಅದನ್ನು ಹೊಸ್ತಿಲ ಮೇಲೆ ಇಳಿಸಿ ಹೊರಗೆ ನಿಲ್ಲಬೇಕು. ಮೂಗು ಕೆಲಸ ಮಾಡುವಾಗ ಮಾರುವವರು ಹೊಸ್ತಿಲು ದಾಟಕೂಡದು, ಬಾಯಿ ತೆರೆಯಕೂಡದು. ಇದು ಆ ಗೋದಾಮಿನ ಹಳೆಯ ಕಟ್ಟಳೆ. ಮಾರುವವರ ಮಾತು ಮೂಗನ್ನು ದಾರಿ ತಪ್ಪಿಸುತ್ತದೆ, ಬೆವರೂ ಉಸಿರೂ ವಾಸನೆಯನ್ನು ಕೆಡಿಸುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. ಒಳಗೆ ಜರಡಿ ಹಿಡಿಯುವ ಹೆಂಗಸರೂ ಆಗ ಕೈ ನಿಲ್ಲಿಸುತ್ತಿದ್ದರು, ಧೂಳು ಏಳಬಾರದೆಂದು. ಅವನು ಕಟ್ಟಿನೊಳಗಿಂದ ಒಂದು ಬೇರನ್ನು ಎಳೆದು, ಲಟಕ್ಕನೆ ಮುರಿದು, ಮುರಿದ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಮೊದಲು ಎದೆಯ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದ. ಎಲ್ಲರೂ ಕಾಯುತ್ತಿದ್ದರು. ‘ಹೂಂ’ ಎಂದರೆ ಸರಕು ಒಳಗೆ. ‘ಉಹೂಂ’ ಎಂದರೆ ಬಂದ ದಾರಿಗೆ. ಮೂರನೆಯ ಮಾತಿಲ್ಲ, ಮೇಲ್ಮನವಿಯಿಲ್ಲ. ಸಾಹುಕಾರನೇ ಅವನ ‘ಹೂಂ’ಗೆ ಎದುರಾಡುತ್ತಿರಲಿಲ್ಲ.

ಇಂಥ ಅಧಿಕಾರ ಸಿಕ್ಕಿದ ಗಂಡಸು ಅದನ್ನು ಗೋದಾಮಿನಲ್ಲೇ ಬಿಟ್ಟು ಮನೆಗೆ ಬರುತ್ತಾನೆಯೇ? ಅವನ ಮನೆ ಮೂರನೆಯ ಮಹಡಿಯ ಎರಡು ಕೋಣೆ. ಮಕ್ಕಳಿಲ್ಲ. ಸಂಜೆ ಮೆಟ್ಟಿಲು ಹತ್ತುತ್ತಲೇ ಅವನ ತೀರ್ಪು ಶುರುವಾಗುತ್ತಿತ್ತು.

“ಬೇಳೆ ತಳ ಹಿಡಿದಿದೆ.”

“ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗಲೇ ಶುರು,” ಎನ್ನುತ್ತಿದ್ದಳು ಹೆಂಡತಿ. “ಹಿಡಿದಿಲ್ಲ ರೀ. ಹಿಡಿಯೋ ಹಾಗಿತ್ತು, ಇಳಿಸಿದೆ.”

“ಹಿಡಿಯೋ ಹಾಗಿತ್ತು ಅಂದ್ರೆ ಹಿಡೀತು ಅಂತಾನೇ.”

ಹೆಂಡತಿಯ ತಂಗಿ ಎರಡು ಬೀದಿಯಾಚೆ ಇದ್ದಳು. ಆಸ್ಪತ್ರೆಯಲ್ಲಿ ಆಯಾ ಕೆಲಸ, ನಾಲಿಗೆ ಮಾತ್ರ ಯಾರ ಆಳೂ ಅಲ್ಲ. “ಭಾವ, ನಿಮ್ಮ ಮೂಗಿಗೆ ಬೇರೆ ಒಂದು ಬಾಡಿಗೆ ಮನೆ ಮಾಡಿಬಿಡಿ,” ಎಂದಿದ್ದಳು ಒಮ್ಮೆ. “ನೀವಿಬ್ರಾದ್ರೂ ನೆಮ್ಮದಿಯಾಗಿ ಊಟ ಮಾಡ್ತೀರ.” ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಭಾವ ನಕ್ಕಿರಲಿಲ್ಲ.

ಒಂದು ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ನೆಗಡಿ ಜ್ವರ. ಹೋಯಿತು. ಜ್ವರ ಬಿಟ್ಟ ಮೇಲೆ ಗೋದಾಮಿನ ಬಾಗಿಲು ತೆಗೆದು ಎಂದಿನಂತೆ ಒಂದು ಹೆಜ್ಜೆ ಒಳಗಿಟ್ಟವನು ಅಲ್ಲೇ ನಿಂತ. ಪ್ರತಿ ದಿನ ಬೆಳಿಗ್ಗೆ ಮುಖಕ್ಕೆ ಬಡಿಯುತ್ತಿದ್ದ ಶುಂಠಿ, ಲವಂಗ, ಜ್ಯೇಷ್ಠಮಧು, ಹಳೆಯ ಸೆಣಬು, ಇಲಿಯ ಹಿಕ್ಕೆ, ಯಾವುದೂ ಇರಲಿಲ್ಲ. ಬರಿಯ ಗಾಳಿ. ಲವಂಗದ ಚೀಲ ಬಿಚ್ಚಿ ಮೊಣಕೈವರೆಗೆ ಕೈ ಹಾಕಿದ. ಮುಷ್ಟಿ ತುಂಬ ತೆಗೆದು ಮುಖಕ್ಕೆ ಒತ್ತಿಕೊಂಡ. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ವಾಸನೆ ಬರಲಿಲ್ಲ.

ನೆಗಡಿ ಪೂರ್ತಿ ಇಳಿದಿಲ್ಲ, ಇಳಿದರೆ ಬರುತ್ತದೆ ಎಂದುಕೊಂಡ. ಚಳಿ ಕಳೆಯಿತು, ಬಿಸಿಲು ಬಂತು. ಮೂಗು ಬರಲಿಲ್ಲ.

ಆ ಹೊತ್ತಿಗೆ ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಸಾಹುಕಾರ ಇನ್ನೊಬ್ಬನನ್ನು ನೇಮಿಸುತ್ತಿದ್ದ. ಇವನನ್ನು ತೂಕಕ್ಕೋ ಕಟ್ಟುವುದಕ್ಕೋ ಹಾಕುತ್ತಿದ್ದ. ಊಟಕ್ಕೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಮಣೆಯಿಂದ ಎದ್ದು ತಕ್ಕಡಿಯ ಬಳಿ ನಿಲ್ಲುವುದಕ್ಕಿಂತ ಸಾಯುವುದು ವಾಸಿ ಎಂದು ಅವನಿಗೆ ಅನ್ನಿಸಿತ್ತು. ಹಾಗಾಗಿ ಅವನು ನಟಿಸತೊಡಗಿದ. ಮುರಿಯುವ ಸದ್ದನ್ನು ಕೇಳಿ, ನಾರನ್ನು ಬೆರಳಲ್ಲಿ ಎಳೆದು ನೋಡಿ, ಭಾರ ಅಂದಾಜು ಮಾಡಿ, ಎಲ್ಲಕ್ಕಿಂತ ಹೆಚ್ಚಾಗಿ ಹೊಸ್ತಿಲಾಚೆ ನಿಂತವರ ಮುಖವನ್ನು ಅರೆಗಣ್ಣಲ್ಲಿ ಓದಿ ‘ಹೂಂ’ ಅನ್ನುತ್ತಿದ್ದ. ಮೋಸದ ಸರಕು ತಂದವನ ಕಣ್ಣು ನಿಂತಲ್ಲಿ ನಿಲ್ಲುವುದಿಲ್ಲ. ಅವನ ಅಂದಾಜು ಸರಿಯಾಗಿಯೇ ಬರುತ್ತಿತ್ತು. ಅದೇ ಕೆಟ್ಟದ್ದಾಯಿತು.

ಮನೆಯಲ್ಲಿಯೂ ಹಾಗೆಯೇ. ಟೀಕೆ ನಿಲ್ಲಿಸಿದರೆ ಅನುಮಾನ ಬರುತ್ತದೆ ಎಂದು ದಿನಕ್ಕೊಂದು ಸಲವಾದರೂ ಏನಾದರೂ ಅನ್ನುತ್ತಿದ್ದ. ಒಂದು ದಿನ ಹಾಲು ಪಾತ್ರೆಯ ತಳಕ್ಕೆ ಕರ್ರಗೆ ಹತ್ತಿ ಮೆಟ್ಟಿಲವರೆಗೂ ಕಮಟು ಹರಡಿತ್ತು. ಅವನು ಆ ಹಾಲನ್ನು ಮಾತಿಲ್ಲದೆ ಕುಡಿದು ಲೋಟ ಕೆಳಗಿಟ್ಟು, “ಅನ್ನ ಯಾಕೋ ಸೀದ ವಾಸನೆ,” ಎಂದ. ಅನ್ನ ಮಲ್ಲಿಗೆಯ ಹಾಗಿತ್ತು.

ಹೆಂಡತಿ ಒಂದು ಗಳಿಗೆ ಅವನ ಮುಖ ನೋಡಿದಳು. “ಹೌದು ರೀ,” ಎಂದಳು. “ಸ್ವಲ್ಪ ಸೀದಿತ್ತು.”

ಅಂದಿನಿಂದ ಅವಳಿಗೊಂದು ಹೊಸ ಅಭ್ಯಾಸ ಹತ್ತಿತು. “ಕೆಳಗಿನ ಮನೆಯವರು ಈರುಳ್ಳಿ ಹುರೀತಿದಾರೆ ಅಲ್ವಾ?” “ಹೊರಗೆ ಎಲ್ಲೋ ಮಳೆ ಬಿದ್ದಿದೆ ಅನ್ಸುತ್ತೆ, ಮಣ್ಣಿನ ವಾಸನೆ.” “ಈ ಎಣ್ಣೆ ಮುಗ್ಗಲು ಬಂದಿದೆ, ನಾಳೆ ಚೆಲ್ಲಿಬಿಡ್ತೀನಿ.” ಮೊದಲು ಅಷ್ಟು ಮಾತಾಡದವಳು ಈಗ ಮನೆಯಲ್ಲಿ ಏಳುವ ಒಂದೊಂದು ವಾಸನೆಯನ್ನೂ ಹೆಸರು ಹಿಡಿದು ಕೂಗುತ್ತಿದ್ದಳು. ಅವನು ತಲೆಯಾಡಿಸಿ, “ನನಗೆ ಆಗಲೇ ಗೊತ್ತಾಯ್ತು,” ಎನ್ನುತ್ತಿದ್ದ. ವಯಸ್ಸಾಗುತ್ತ ಹೆಂಗಸರಿಗೆ ಮಾತು ಹೆಚ್ಚುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅವಳು ತನಗೆ ಮೂಗಾಗಿದ್ದಾಳೆಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಆಸ್ಪತ್ರೆಯಲ್ಲಿ.

ಊರಾಚೆಯ ಗುಡ್ಡಗಳಿಂದ ಬೇರು ಅಗೆದು ತರುವ ಒಬ್ಬ ಹೆಂಗಸಿದ್ದಳು. ಎಲ್ಲರೂ ಅವಳನ್ನು ಬೇರಿನಕ್ಕ ಎನ್ನುತ್ತಿದ್ದರು. ಅವಳು ಪ್ರತಿ ಸಲ ಎರಡು ಕಟ್ಟು ತರುತ್ತಿದ್ದಳು. ಒಂದು ಕೀಲುನೋವಿನ ಬೇರು, ಕುದಿಸಿ ಕುಡಿಯುವುದು. ಅದು ಗೋದಾಮಿಗೆ. ಇನ್ನೊಂದು ಬಣ್ಣದ ಬೇರು, ಅದು ನೇರವಾಗಿ ಬಣ್ಣದವರ ಕೇರಿಗೆ. ಬಣ್ಣದವರು ಅದನ್ನು ಹಂಡೆಯಲ್ಲಿ ಕುದಿಸಿ ನೂಲಿಗೆ ಇಟ್ಟಿಗೆಗೆಂಪು ಹಾಕುತ್ತಿದ್ದರು. ಅದು ಬಾಯಿಗೆ ಹೋಗುವಂಥದ್ದಲ್ಲ. ಒಣಗಿದಾಗ ಎರಡೂ ಕಿರುಬೆರಳ ದಪ್ಪ, ಕಂದು ಸಿಪ್ಪೆ, ಮುರಿದರೆ ಒಣಹುಲ್ಲಿನ ಬಣ್ಣ. ನೀರು ಸೋಕಿದ ಮೇಲೆಯೇ ಕೆಂಪು ಹೊರಗೆ ಬರುವುದು. ವಾಸನೆಯೊಂದೇ ಬೇರೆ: ಔಷಧಿಯದು ಹಸಿಶುಂಠಿಯ ಹಾಗೆ, ಬಣ್ಣದ್ದು ತುಕ್ಕುಹಿಡಿದ ಕಬ್ಬಿಣದ ಹಾಗೆ. ಬಣ್ಣದ ಕಟ್ಟನ್ನು ಅವಳು ಯಾವಾಗಲೂ ಬೀದಿಯ ದೀಪದ ಕಂಬದ ಬುಡದಲ್ಲಿ ಬಿಟ್ಟು ಗೋದಾಮಿಗೆ ಬರುತ್ತಿದ್ದಳು.

ಒಂದು ದಿನ ತುಂತುರು ಬೀಳುತ್ತಿತ್ತು. ಕಂಬದ ಬುಡದಲ್ಲಿ ಇಟ್ಟರೆ ಬಣ್ಣದ ಬೇರು ನೆನೆಯುತ್ತದೆ. ಎರಡು ಕಟ್ಟನ್ನೂ ತಂದು ಹೊಸ್ತಿಲ ಮೇಲಿಟ್ಟಳು.

ಮೂಗಣ್ಣ ಹತ್ತಿರದ ಕಟ್ಟಿನಿಂದ ಒಂದನ್ನು ಎಳೆದು ಮುರಿದ. ಜರಡಿಗಳು ನಿಂತವು.

“ಅಣ್ಣಾ, ಅದು...”

ಅವನು ಕಣ್ಣು ತೆರೆಯದೆ ಕೈ ಎತ್ತಿದ. “ಬಾಯಿ ಮುಚ್ಚು. ನನ್ನ ಮೂಗಿಗೆ ಪಾಠ ಹೇಳ್ತೀಯಾ?”

ಒಳಗಿದ್ದವರು ಕಿಸಕ್ಕನೆ ನಕ್ಕರು. ಬೇರಿನಕ್ಕ ಬಾಯಿ ಮುಚ್ಚಿದಳು. ಅವನು ಅರೆಗಣ್ಣು ತೆರೆದು ಅವಳ ಮುಖ ನೋಡಿದ. ಅದರಲ್ಲಿ ಕಳ್ಳತನವಿರಲಿಲ್ಲ, ಇರಲು ಕಾರಣವೂ ಇರಲಿಲ್ಲ. ಒಳ್ಳೆಯ ಸರಕು ಎಂದು ತೀರ್ಮಾನಿಸಿದ.

“ಹೂಂ. ಎರಡೂ ಒಳಗೆ ಹಾಕಿ.”

ಗೋದಾಮಿನವರು ದಾಳಿಂಬೆ ಸಿಪ್ಪೆಯ ಜೊತೆ ಈಗ ಬಣ್ಣದ ಬೇರನ್ನೂ ಮಾರಲು ಹೊರಟಿರಬೇಕು ಎಂದು ಬೇರಿನಕ್ಕ ಅಂದುಕೊಂಡಳು. ಮೂಗಣ್ಣನಿಗೆ ಗೊತ್ತಾಗದೆ ಇರುತ್ತದೆಯೇ? ಮಳೆಯಲ್ಲಿ ಬಣ್ಣದವರ ಕೇರಿಯವರೆಗೆ ಹೋಗುವುದು ತಪ್ಪಿತಲ್ಲ ಎಂದು ಸಮಾಧಾನವೇ ಆಯಿತು. ಆಳು ಎರಡು ಕಟ್ಟನ್ನೂ ಬಿಚ್ಚಿ ಒಂದೇ ಚೀಲಕ್ಕೆ ಸುರಿದ.

ಆ ಸಂಜೆ ಮೂಗಣ್ಣ ಅದೇ ಚೀಲದಿಂದ ಒಂದು ಹಿಡಿ ಬೇರು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಒಯ್ದ. ಹೆಂಡತಿಯ ಮೊಣಕಾಲು ಬಹಳ ದಿನದಿಂದ ನೋಯುತ್ತಿತ್ತು. ಮೂರು ಮಹಡಿಯ ಮೆಟ್ಟಿಲು ಹತ್ತಲು ಅದು ಬಿಡುತ್ತಿರಲಿಲ್ಲ.

“ಹೊಸ ಸರಕು. ನಾನೇ ಆರಿಸಿ ತಂದಿದ್ದು. ದಿನಾ ಬೆಳಿಗ್ಗೆ ಕುದಿಸಿ ಕುಡಿ,” ಎಂದ.

ಅವಳು ಪೊಟ್ಟಣ ಬಿಚ್ಚಿದಳು. ಮೂಗಿನ ಹತ್ತಿರ ತಂದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತ ಆ ಕಡೆ ತಿರುಗಿದ್ದ. ಅವಳು ಇನ್ನೊಮ್ಮೆ ಮೂಸಿದಳು.

“ಚೆನ್ನಾಗಿದೆಯಾ ರೀ ಇದು?”

“ಹೂಂ,” ಎಂದ ಅವನು.

ಆ ‘ಹೂಂ’ ಗೋದಾಮಿನದ್ದೇ ‘ಹೂಂ’. ಅವಳು ಪೊಟ್ಟಣವನ್ನು ಡಬ್ಬಕ್ಕೆ ಹಾಕಿ ಮುಚ್ಚಳ ತಿರುಗಿಸಿದಳು.

ಪೊಟ್ಟಣ ಮುಗಿದಾಗಲೆಲ್ಲ ಅವನು ಮತ್ತೊಂದು ತಂದ. ನೋವು ಕಡಿಮೆಯಾಯಿತೇ ಎಂದರೆ ಅವಳು ಆಯಿತು ಎನ್ನುತ್ತಿದ್ದಳು. ಆಮೇಲೆ ಅವಳಿಗೆ ಹಸಿವು ಹೋಯಿತು. ಪಾದ ಊದಿತು, ಬೆರಳಿನಿಂದ ಒತ್ತಿದರೆ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬೀಳುತ್ತಿತ್ತು. ಬೆಳಗಿನ ಹೊತ್ತು ಮುಖ ಗುರುತು ಸಿಗದಷ್ಟು ಉಬ್ಬುತ್ತಿತ್ತು. ಒಂದು ದಿನ ತಂಗಿ ಬಂದು ನೋಡಿದವಳು ಚೀಲವನ್ನೂ ಕೆಳಗಿಡಲಿಲ್ಲ.

“ಇವಳನ್ನ ಹೀಗೆ ಇಟ್ಕೊಂಡು ಕೂತಿದೀರಲ್ಲ ಭಾವ. ಕಣ್ಣಿಲ್ವಾ ನಿಮಗೆ? ಮೂಗೊಂದೇನಾ ಇರೋದು?”

ಆಸ್ಪತ್ರೆಯಲ್ಲಿ ಡಾಕ್ಟರು ಮೂತ್ರಪಿಂಡ ಎರಡೂ ಹೋಗಿವೆ ಎಂದರು. ಏನಾದರೂ ಬೇರು ಸೊಪ್ಪು ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿದರು. ಮೂಗಣ್ಣ ಬಾಯಿ ತೆರೆಯುವ ಮೊದಲೇ ಹೆಂಡತಿ, “ಏನೂ ಇಲ್ಲ,” ಎಂದಳು.

ಏಕೆ ಹಾಗೆ ಹೇಳಿದಳೆಂದು ಅವನಿಗೆ ಅರ್ಥವಾಗಲಿಲ್ಲ. ತನ್ನ ಬೇರಿನಲ್ಲಿ ತಪ್ಪಿದೆಯೆಂದು ಅವನು ಆಗಲೂ ಅಂದುಕೊಂಡಿರಲಿಲ್ಲ.

ಅವಳ ಬಟ್ಟೆ ತರಲು ಮನೆಗೆ ಹೋದಾಗ ಹಿಂದಿನ ಸಣ್ಣ ಬಾಲ್ಕನಿಯಲ್ಲಿ ಹಗ್ಗದ ಕೊನೆಗೆ ಒಂದು ತುಂಡು ಬಟ್ಟೆ ನೇತಾಡುತ್ತಿತ್ತು. ಕಷಾಯ ಸೋಸುವ ಬಟ್ಟೆ. ಹಳೆಯ ಬಿಳಿ ಪಂಚೆಯಿಂದ ಅವನೇ ಹರಿದುಕೊಟ್ಟದ್ದು. ಅದು ಈಗ ಬಿಳಿಯಾಗಿರಲಿಲ್ಲ. ಅಂಚು ಬಿಟ್ಟು ನಡುವೆಲ್ಲ ಇಟ್ಟಿಗೆಯ ಬಣ್ಣ. ಅವಳು ಅದನ್ನು ಉಜ್ಜಿ ಉಜ್ಜಿ ಒಗೆದಿದ್ದಳು. ನೂಲು ಸವೆದು ಜಾಳಾಗಿತ್ತು, ಬಣ್ಣ ಬಿಟ್ಟಿರಲಿಲ್ಲ. ಬೀದಿಯ ಕಡೆಯಿಂದ ಕಾಣದ ಹಾಗೆ ಒಂದು ಸೀರೆಯ ಹಿಂದೆ ಒಣಹಾಕಿದ್ದಳು.

ಅವನು ಬಟ್ಟೆಯನ್ನು ಮುಖಕ್ಕೆ ಹಿಡಿದ. ಅಭ್ಯಾಸಬಲ. ಏನೂ ಇಲ್ಲ. ಜೇಬಿನಲ್ಲಿ ತುರುಕಿಕೊಂಡು ಬಣ್ಣದವರ ಕೇರಿಗೆ ಹೋದ. ಅಲ್ಲಿ ಒಬ್ಬ ಪರಿಚಯದವನು ಮೊಣಕೈವರೆಗೆ ನೀಲಿ ಮಾಡಿಕೊಂಡು ನೂಲಿನ ಲಡಿ ಹಿಂಡುತ್ತಿದ್ದ.

“ಇದು ಯಾವ ಬಣ್ಣ ಅಂತ ಹೇಳು ನೋಡೋಣ,” ಎಂದ ಮೂಗಣ್ಣ, ಪರೀಕ್ಷೆ ಮಾಡುವವನ ಧಾಟಿಯಲ್ಲಿ. ಕೇಳುವುದು ಅವನಿಗೆ ಬರುತ್ತಿರಲಿಲ್ಲ.

ಬಣ್ಣದವನು ಬಟ್ಟೆಯನ್ನು ಬೆಳಕಿಗೆ ಹಿಡಿದ. ಮುಖ ಅರಳಿತು. “ಅರೆ, ನಮ್ಮ ಬೇರಿಂದಲ್ವಾ ಅಣ್ಣ? ಎಷ್ಟು ಚೆನ್ನಾಗಿ ಹಿಡಿದಿದೆ! ಪಟಿಕ ಹಾಕದೆ ಹೀಗೆ ಕೂತಿದೆ ಅಂದ್ರೆ ಒಂದಲ್ಲ ಎರಡಲ್ಲ, ಎಷ್ಟೋ ಸಲ ಅದ್ದಿರಬೇಕು. ಯಾರಪ್ಪಾ ಅಷ್ಟು ತಾಳ್ಮೆಯವರು?”

ಮೂಗಣ್ಣ ಬಟ್ಟೆಗೆ ಕೈ ಚಾಚಿದ.

“ನಮಗೇ ಈ ಸಲ ಬೇರಿಲ್ಲ ನೋಡಿ. ಬೇರಿನಕ್ಕ ಈ ಕಡೆ ತಲೇನೇ ಹಾಕಿಲ್ಲ. ದಾರೀಲಿ ಸಿಕ್ಕಾಗ ಯಾಕಮ್ಮಾ ಅಂದ್ರೆ, ಎರಡು ಕಟ್ಟೂ ಮೂಗಣ್ಣನೇ ತಗೊಂಡ್ರು ಅಂದ್ಲು. ನೀವು ಬಣ್ಣದ ವ್ಯಾಪಾರಕ್ಕೂ ಇಳಿದ್ರಾ? ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಮಾರಾಯ್ರೇ!”

ಅವನು ನಗುತ್ತಲೇ ಇದ್ದ. ಮೂಗಣ್ಣ ಬಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಹೊರಟ.

ಗೋದಾಮಿಗೆ ಬಂದವನು ಮೂಲೆಯ ಚೀಲವನ್ನು ಎಳೆದು ನೋಡಿದ. ತಳದಲ್ಲಿ ಸ್ವಲ್ಪ ಉಳಿದಿತ್ತು.

“ಇದನ್ನ ಬಿಸಾಡ್ಬೇಕು,” ಎಂದ ಸಾಹುಕಾರನಿಗೆ. “ಬೇರೆ ಬೇರು ಸೇರಿದೆ.”

“ಮುಕ್ಕಾಲು ಚೀಲ ಹೋಗಿಬಿಟ್ಟಿದೆಯಲ್ಲ ಮೂಗಣ್ಣ!”

“ಯಾರಿಗೆ?”

“ಚಿಲ್ಲರೆಗೆ ಹೋಗಿದ್ದು ಯಾರಿಗೆ ಅಂತ ಹೇಳೋದು? ಕಾಲುನೋವು ಇದ್ದೋರಿಗೆ.” ಸಾಹುಕಾರ ಕನ್ನಡಕ ತೆಗೆದ. “ಆದ್ರೂ... ನೀವೇ ಹೂಂ ಅಂದಿದ್ದಲ್ವಾ?”

ಜರಡಿಗಳು ನಿಂತಿದ್ದವು. ಸತ್ಯ ಹೇಳಲು ಅದಕ್ಕಿಂತ ಸರಿಯಾದ ಜಾಗ ಅವನಿಗೆ ಸಿಗುತ್ತಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವನು ಒಂದು ಗಳಿಗೆ ನಿಂತ. ಆಮೇಲೆ ಬಾಯಿ ತಾನಾಗಿ ತನ್ನ ಹಳೆಯ ದಾರಿ ಹಿಡಿಯಿತು.

“ಮೇಲೆ ಒಳ್ಳೇದಿಟ್ಟು ಒಳಗೆ ಸೇರಿಸಿ ತಂದಿದಾಳೆ, ಆ ಬೇರಿನವಳು.”

“ಅಯ್ಯೋ ಅವಳ! ಅಷ್ಟು ವರ್ಷದಿಂದ ಬರ್ತಿದ್ದೋಳು.” ಸಾಹುಕಾರ ಆಳನ್ನು ಕರೆದ. “ಇನ್ಮೇಲೆ ಅವಳು ಬಂದ್ರೆ ಬೀದೀಲೇ ನಿಲ್ಲಿಸಿ ಕಳಿಸು.”

ಚೀಲದ ತಳವನ್ನು ತಿಪ್ಪೆಗೆ ಸುರಿದರು. ಉಳಿದದ್ದು ಎಲ್ಲೆಲ್ಲಿ, ಯಾವ ಯಾವ ಅಡುಗೆಮನೆಯ ಡಬ್ಬದಲ್ಲಿ ಕೂತಿದೆಯೋ ಯಾರಿಗೂ ತಿಳಿಯದು. ಇವತ್ತಿಗೂ ತಿಳಿಯದು.

ಹೆಂಡತಿ ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಂಗಿ ಅವಳಿಗೆ ಉಪ್ಪಿಲ್ಲದ ಗಂಜಿ ಕುಡಿಸಿ ಲೋಟ ತೊಳೆಯಲು ಹೋಗಿದ್ದಳು. ಅವನು ಬಟ್ಟೆಯನ್ನು ಜೇಬಿನಿಂದ ತೆಗೆದು ಅವಳ ಹೊದಿಕೆಯ ಮೇಲಿಟ್ಟ.

ಅವಳು ನೋಡಿದಳು. “ಹೋಗ್ಲೇ ಇಲ್ಲ ರೀ ಅದು. ಸೋಪು, ನಿಂಬೆಹುಳಿ, ಎಲ್ಲ ಹಾಕಿ ನೋಡಿದೆ.”

“ಬಣ್ಣ ನೋಡಿದಾಗ ಗೊತ್ತಾಗ್ಲಿಲ್ವಾ ನಿಂಗೆ? ವಾಸನೆ ಬರ್ಲಿಲ್ವಾ?”

“ಬಂತು. ತುಕ್ಕಿನ ವಾಸನೆ.”

“ಮತ್ತೆ?”

“ನೀವು ಹೂಂ ಅಂದಿದ್ರಲ್ಲ.”

ಪಕ್ಕದ ಮಂಚದವರು ಕೆಮ್ಮಿದರು.

“ವಿಷ ಅಂತ ಗೊತ್ತಿರ್ಲಿಲ್ಲ,” ಎಂದಳು ಅವಳು. “ವಾಸನೆ ಬೇರೆ ಅಂತ ಗೊತ್ತಿತ್ತು. ಹಳೇ ಸರಕೋ ಏನೋ ಅಂದ್ಕೊಂಡೆ. ಕೇಳೋಣ ಅಂತ ಒಂದೆರಡು ಸಲ ಬಾಯಿಗೆ ಬಂತು. ಕೇಳಿದ್ರೆ ನಿಮ್ಮ ಮೂಗಿನ ವಿಷ್ಯ ಬರ್ತಿತ್ತು.”

“ಯಾವಾಗಿಂದ ಗೊತ್ತು?”

“ಹಾಲು ಹತ್ತಿದ ದಿನದಿಂದ.”

ಅವನಿಗೆ ಆಗ ಒಂದೊಂದೇ ಕೇಳಿಸತೊಡಗಿತು: ಈರುಳ್ಳಿ ಹುರೀತಿದಾರೆ ಅಲ್ವಾ, ಮಣ್ಣಿನ ವಾಸನೆ, ಎಣ್ಣೆ ಮುಗ್ಗಲು.

ಇದನ್ನು ಪ್ರೀತಿ ಎನ್ನುವವರು ಇರುತ್ತಾರೆ, ತ್ಯಾಗ ಎನ್ನುವವರೂ ಇರುತ್ತಾರೆ. ಹೇಳಿಕೊಳ್ಳಲಿ. ಗಂಡನ ಮಾತಿಗೆ ಎದುರಾಗಿ ತನ್ನ ಮೂಗನ್ನೇ ನಂಬದ ಒಂದು ಅಭ್ಯಾಸ ಅವಳಲ್ಲಿ ಮದುವೆಯಾದಂದಿನಿಂದ ಬೆಳೆದು ಬೇರುಬಿಟ್ಟಿತ್ತು, ಅಷ್ಟೆ. ಹೊಸ್ತಿಲಾಚೆ ನಿಂತು ಬಾಯಿ ಮುಚ್ಚಿದವಳು ಬೇರಿನಕ್ಕ ಒಬ್ಬಳೇ ಅಲ್ಲ. ಮನೆಯೊಳಗೂ ಒಂದು ಹೊಸ್ತಿಲಿತ್ತು.

“ಬೇರಿನವಳಿಗೆ ಹೇಳಿದ್ರಾ?” ಎಂದು ಕೇಳಿದಳು ಹೆಂಡತಿ. “ಪಾಪ, ಅವಳಿಗೇನೂ ಗೊತ್ತಿರಲ್ಲ. ಇನ್ನೊಂದು ಸಲ ಹೀಗಾಗಬಾರ್ದು.”

“ಸಾಹುಕಾರರಿಗೆ ಹೇಳಿದೆ.”

“ಏನಂತ?”

ಅವನು ಮಂಚದ ಪಕ್ಕದ ಕಂಬಿಯಲ್ಲಿ ನೇತಾಡುತ್ತಿದ್ದ ಔಷಧಿಯ ಚೀಲ ನೋಡಿದ. ಹನಿ ಬೀಳುತ್ತಿತ್ತು. ಒಂದು ಹನಿ, ಇನ್ನೊಂದು ಹನಿ.

ಅವಳಿಗೆ ಅವನನ್ನು ಓದುವುದು ಬರುತ್ತಿತ್ತು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ಆಮೇಲೆ ನಿಧಾನವಾಗಿ ಗೋಡೆಯ ಕಡೆ ತಿರುಗಿಕೊಂಡಳು. ಇಷ್ಟು ವರ್ಷದಲ್ಲಿ ಅವನಿಗೆ ಅವಳು ಬೆನ್ನು ಕೊಟ್ಟದ್ದು ಅದೇ ಮೊದಲು. ಅವರಿಬ್ಬರ ನಡುವೆ ಆಮೇಲೆ ಮಾತೆಂಬ ಮಾತು ಆಗಲಿಲ್ಲ. ನೀರು ಬೇಕಾ ಎಂದರೆ ತಲೆಯಾಡಿಸುತ್ತಿದ್ದಳು. ಚಳಿ ಬರುವ ಮೊದಲೇ ಸತ್ತಳು.

ತಂಗಿ ಬಂದು ಅಡುಗೆಮನೆ ಒಪ್ಪ ಮಾಡಿ ಹೋದಳು. ಡಬ್ಬದಲ್ಲಿ ಉಳಿದಿದ್ದ ಬೇರನ್ನು ಮೂಸಿ ನೋಡಿ, “ಇದೇನು ಭಾವ, ಗುಜರಿ ಅಂಗಡಿ ಥರ ನಾರುತ್ತೆ?” ಎಂದಳು. ಅವಳು ಅವನನ್ನೇ ನೋಡಿದಳು, ಡಬ್ಬವನ್ನು ನೋಡಿದಳು. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಡಾಕ್ಟರು ಕೇಳಿದ ಪ್ರಶ್ನೆಯನ್ನು ಪಕ್ಕದಲ್ಲೇ ನಿಂತು ಕೇಳಿದವಳು. ಡಬ್ಬವನ್ನು ಮೇಜಿನ ಮೇಲೆ ಅವನ ಮುಂದೆ ಇಟ್ಟು ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ.

ಅವನು ಕೆಲಸಕ್ಕೆ ಹೋಗುತ್ತಲೇ ಇದ್ದ. ಹೋಗದೆ ಎಲ್ಲಿಗೆ ಹೋಗುವುದು? ಆದರೆ ಈಗ ಕೈಗೆ ಬಂದ ಬೇರುಗಳೆಲ್ಲ ಒಂದೇ ಥರ ಕಾಣುತ್ತಿದ್ದವು, ಹೊಸ್ತಿಲಾಚೆಯ ಮುಖಗಳೂ ಒಂದೇ ಥರ. ಹೆದರಿಕೆಗೆ ಎಲ್ಲಕ್ಕೂ ‘ಉಹೂಂ’ ಅನ್ನತೊಡಗಿದ. ಹೊಸ ಅರಿಶಿನಕ್ಕೆ ಉಹೂಂ, ಆರಿಸಿ ತಂದ ಚಕ್ಕೆಗೆ ಉಹೂಂ. ಮಾರುವವರು ಗೊಣಗುತ್ತ ಹಿಂದಿರುಗಿದರು. ಹೆಂಡತಿ ಹೋದ ಮೇಲೆ ಮೂಗಣ್ಣ ಇನ್ನೂ ಬಿಗಿಯಾದ ಎಂದರು ಜನ. ಸಾಹುಕಾರ, “ಇಷ್ಟು ಕಟ್ಟುನಿಟ್ಟು ಮಾಡಿದ್ರೆ ಗೋದಾಮಿಗೆ ಬೀಗ ಹಾಕ್ಬೇಕಾಗುತ್ತೆ,” ಎಂದು ನಕ್ಕ. ಆ ನಗುವಿನಲ್ಲಿಯೂ ಗೌರವವಿತ್ತು. ಮನೆಯಲ್ಲಿ ಅವನು ಬೇಯಿಸಿದ್ದು ಸೀದಿತ್ತೋ ಹಳಸಿತ್ತೋ ಹೇಳುವವರಿರಲಿಲ್ಲ. ಎರಡು ಸಲ ಹೊಟ್ಟೆ ಕೆಟ್ಟು ಮಲಗಿದ. ಒಮ್ಮೆ ಒಲೆಯ ಗ್ಯಾಸು ಬಿಟ್ಟೇ ಹೋಗಿದ್ದ. ಕೆಳಗಿನ ಮನೆಯವರು ಓಡಿ ಬಂದು ಬಾಗಿಲು ಬಡಿದರು. ಬಡಿಯದಿದ್ದರೂ ಆಗುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ಮತ್ತೆ ತುಂತುರು ಮಳೆಯ ಕಾಲ ಬಂತು. ಒಂದು ಬೆಳಿಗ್ಗೆ ಬೀದಿಯಲ್ಲಿ ಗಲಾಟೆ ಕೇಳಿಸಿತು.

“ಹೇಳಿಲ್ವಾ ನಿಂಗೆ? ಹೋಗಮ್ಮ ಅಂದ್ರೆ ಹೋಗ್ಬೇಕು.”

“ಏನು ತಪ್ಪು ಮಾಡಿದೆ ಅಂತಾನಾದ್ರೂ ಹೇಳಿ. ಬಣ್ಣದವರೂ ತಗೊಳ್ತಿಲ್ಲ. ಕಲಬೆರಕೆಯವಳು ಅಂತ ಹೆಸರು ಬಂದಿದೆ. ಎಲ್ಲಿಗೆ ಹೋಗ್ಲಿ ಈಗ?”

ಬೇರಿನಕ್ಕ. ತೆಳ್ಳಗಾಗಿದ್ದಳು. ತಲೆಯ ಮೇಲೆ ಒಂದೇ ಒಂದು ಕಟ್ಟು. ಆಳು ಅಡ್ಡ ನಿಂತಿದ್ದ. ಸಾಹುಕಾರ ಒಳಗಿನಿಂದಲೇ, “ಮಾಡೋದೆಲ್ಲ ಮಾಡಿ ಈಗ ಅಳ್ತಾಳೆ ನೋಡು,” ಎಂದ.

ಮೂಗಣ್ಣ ಮಣೆಯಿಂದ ಎದ್ದ. “ಬಿಡು ಅವಳನ್ನ,” ಎಂದ ಆಳಿಗೆ. “ಇಳಿಸಮ್ಮ.”

ಅವಳು ಕಟ್ಟನ್ನು ಹೊಸ್ತಿಲ ಮೇಲಿಳಿಸಿ, ಯಾರೂ ಹೇಳದೆಯೇ ಒಂದು ಹೆಜ್ಜೆ ಹಿಂದೆ ಸರಿದು ತುಟಿ ಬಿಗಿದು ನಿಂತಳು. ಕಟ್ಟಳೆ ಅವಳ ಮೈಯಲ್ಲಿ ಕೂತಿತ್ತು. ಒಳಗೆ ಜರಡಿಗಳು ಒಂದರ ಹಿಂದೊಂದು ನಿಂತವು. ಸಾಹುಕಾರ ಎದ್ದು ಬಾಗಿಲವರೆಗೆ ಬಂದ. ಈ ‘ಉಹೂಂ’ ಕೇಳುವ ಆಸೆ ಅವನಿಗಿತ್ತು.

ಮೂಗಣ್ಣ ಕಟ್ಟಿನೊಳಗಿಂದ ಒಂದು ಬೇರನ್ನು ಎಳೆದ. ಮುರಿದ. ಮುರಿದ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ಎದೆಯ ಗಾಳಿಯನ್ನು ಹೊರಗೆ ಬಿಟ್ಟ. ಕೈ ಮೂಗಿನವರೆಗೆ ಎದ್ದಿತು, ಅರ್ಧಕ್ಕೇ ನಿಂತಿತು. ಆಮೇಲೆ ಆ ಕೈ ಮುಂದಕ್ಕೆ ಹೋಯಿತು, ಹೊಸ್ತಿಲು ದಾಟಿ, ಮಳೆಹನಿ ಬೀಳುವ ಕಡೆಗೆ, ಬೇರಿನಕ್ಕನ ಮೂಗಿನ ಕೆಳಗೆ.

“ನೀನು ನೋಡಿ ಹೇಳಮ್ಮ.”

ಅವಳು ಗಾಬರಿಯಿಂದ ಸಾಹುಕಾರನ ಕಡೆ ನೋಡಿದಳು.

“ಅವರನ್ನ ನೋಡ್ಬೇಡ. ಬೇರು ನೋಡು,” ಎಂದ ಮೂಗಣ್ಣ, ಒಳಗಿನ ಗೋಡೆಯವರೆಗೂ ಕೇಳಿಸುವ ಹಾಗೆ. “ನನಗೆ ಗೊತ್ತಾಗಲ್ಲ. ಆಗ್ಲೂ ಗೊತ್ತಾಗ್ಲಿಲ್ಲ.”

ಅವನ ಅಂಗಿಯ ತೋಳು ನೆನೆಯುತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.